ಬಯಲುಸೀಮೆ ಬಿಸಿಲಿಗೆ ಒಗ್ಗುವ ಚಾಕೊಲೇಟ್ ಸಿಹಿ

ಚಾಕೊಲೇಟ್ ಸಿಹಿ ಮಾಡುವ ಯಾವ ವಿಧಾನ ಓದಿದರೂ ಒಂದು ಸಾಲು ತಪ್ಪದೆ ಸಿಗುತ್ತದೆ: ‘ಕೋಣೆಯ ಉಷ್ಣಾಂಶದಲ್ಲಿ ಅರ್ಧ ಗಂಟೆ ಬಿಡಿ, ಗಟ್ಟಿಯಾಗುತ್ತದೆ.’ ಯಾವ ಕೋಣೆ? ಬರೆದವರ ಲೆಕ್ಕದಲ್ಲಿರುವುದು 20 ಡಿಗ್ರಿಯ ತಣ್ಣನೆ ಕೋಣೆ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ದಾವಣಗೆರೆಯ ತಾರಸಿ ಮನೆಯ ಅಡುಗೆಮನೆ ಒಲೆ ಹಚ್ಚುವ ಮೊದಲೇ 35 ಡಿಗ್ರಿಗೆ ಬಂದಿರುತ್ತದೆ. ಚಿತ್ರದುರ್ಗದಲ್ಲಿ ಬೆಟ್ಟದ ಮಗ್ಗುಲಿನ ಮನೆಗಳಿಗೆ ಹಗಲೆಲ್ಲ ಕಾದ ಬಂಡೆಯ ಝಳ ಕತ್ತಲಾದ ಮೇಲೂ ಬಡಿಯುತ್ತಿರುತ್ತದೆ. ಚಾಕೊಲೇಟನ್ನು ಗಟ್ಟಿಯಾಗಿ ಹಿಡಿದಿರುವ ಕೋಕೋ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ. ನಾಲಿಗೆ ಮೇಲಿಟ್ಟ ಕೂಡಲೇ ಕರಗುವ ಆ ಸೊಗಸು ಬಂದದ್ದೂ ಇದರಿಂದಲೇ, ನಮ್ಮ ಕಡೆ ಬೇಸಿಗೆಯಲ್ಲಿ ಅದು ಬಾಯಿಗೆ ಹೋಗುವ ಮೊದಲು ಬೆರಳಿಗೇ ಅಂಟುವುದೂ ಇದರಿಂದಲೇ.

ಹಾಗಂತ ಬೇಸಿಗೆ ರಜೆಯಲ್ಲಿ ಮಕ್ಕಳು ಮನೆ ತುಂಬಿರುವಾಗ ಚಾಕೊಲೇಟ್ ಸಿಹಿ ಮಾಡಲೇಬಾರದು ಅಂತೇನಿಲ್ಲ. ಯಾವ ಸಿಹಿ ಯಾವುದರ ಬಲದ ಮೇಲೆ ನಿಂತಿದೆ ಎನ್ನುವುದು ಗೊತ್ತಿರಬೇಕು, ಅಷ್ಟೆ. ಸಕ್ಕರೆ ಪಾಕದ ಬಲದ ಮೇಲೆ ನಿಂತ ಬರ್ಫಿ 40 ಡಿಗ್ರಿಯಲ್ಲೂ ಆಕಾರ ಬಿಡುವುದಿಲ್ಲ. ಕಾರ್ನ್‌ಫ್ಲೋರ್ ಹಿಡಿದಿಟ್ಟ ಪುಡ್ಡಿಂಗ್ ಫ್ರಿಜ್ಜಿನಲ್ಲೇ ಹುಟ್ಟಿ ಫ್ರಿಜ್ಜಿನಿಂದಲೇ ತಟ್ಟೆಗೆ ಬರುತ್ತದೆ. ಮೈದಾದ ಬಲದ ಕೇಕಿಗೆ ಬಿಸಿಲಿನ ಹಂಗಿಲ್ಲ. ಬರೀ ಕೊಬ್ಬಿನ ಬಲದ ಮೇಲೆ ನಿಲ್ಲುವ ಬಿಲ್ಲೆ, ಬಾರು, ಟ್ರಫಲ್ ಎಂಬ ಮೆತ್ತನೆ ಚಾಕೊಲೇಟ್ ಉಂಡೆ ಇವುಗಳಿಗೆ ಮಾತ್ರ ಕಾಲ ನೋಡಬೇಕು. ಇಷ್ಟು ತಿಳಿದು ಕೈ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಸಾಮಾನಿನ ಮಾತು. ಅಂಗಡಿಯಲ್ಲಿ ‘ಚಾಕೊಲೇಟ್ ಪುಡಿ ಕೊಡಿ’ ಅಂದರೆ ಬಹಳ ಸಲ ಹಾಲಿಗೆ ಬೆರೆಸಿ ಕುಡಿಯುವ ಪುಡಿ ಕೈಗೆ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆ. ಅದನ್ನು ಕೋಕೋ ಲೆಕ್ಕದಲ್ಲಿ ಹಾಕಿದರೆ ಬಣ್ಣ ಬರುವುದಿಲ್ಲ, ಕಹಿ ಬರುವುದಿಲ್ಲ, ಸಕ್ಕರೆ ಮಾತ್ರ ಮಿತಿಮೀರುತ್ತದೆ. ಪೊಟ್ಟಣದ ಹಿಂದೆ ಸಾಮಗ್ರಿಗಳ ಸಾಲು ಓದಿ. ‘ಕೋಕೋ ಸಾಲಿಡ್ಸ್’ ಎಂದಷ್ಟೇ ಇದ್ದರೆ ಅದು ಸಹಜ ಕೋಕೋ: ತಿಳಿ ಇಟ್ಟಿಗೆ ಬಣ್ಣ, ಸ್ವಲ್ಪ ಹುಳಿ. ಜೊತೆಗೆ ಆಮ್ಲೀಯತೆ ನಿಯಂತ್ರಕ ಎಂದು 500 ಅಥವಾ 501ರ ಸಂಖ್ಯೆ ಇದ್ದರೆ ಕ್ಷಾರ ಬೆರೆಸಿ ಹುಳಿ ಇಳಿಸಿದ ಕೋಕೋ: ಬಣ್ಣ ಗಾಢ, ರುಚಿ ಮೆತ್ತಗೆ. ಪುಡ್ಡಿಂಗು, ಬರ್ಫಿಗೆ ಯಾವುದಾದರೂ ಆಗುತ್ತದೆ. ಅಡುಗೆ ಸೋಡಾ ಹಾಕುವ ಕೇಕಿಗೆ ಮಾತ್ರ ಈ ಭೇದ ಲೆಕ್ಕಕ್ಕೆ ಬರುತ್ತದೆ, ಅದನ್ನು ಅಲ್ಲಿಯೇ ಹೇಳೋಣ.

ಗಟ್ಟಿ ಚಾಕೊಲೇಟಿನಲ್ಲೂ ಎರಡು ಜಾತಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ 400–500 ಗ್ರಾಂ ಗಟ್ಟಿಯಾಗಿ ಸಿಗುವುದು ಹೆಚ್ಚಾಗಿ ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಗಟ್ಟಿಗೊಳಿಸಿದ ಸಸ್ಯಜನ್ಯ ಕೊಬ್ಬು ಇರುತ್ತದೆ. ಕರಗಿಸಿ ಅಚ್ಚಿಗೆ ಸುರಿದರೆ ಸಾಕು, ತಾನೇ ಹೆಪ್ಪಾಗುತ್ತದೆ. ಬಿಸಿಲನ್ನೂ ಅಸಲಿ ಚಾಕೊಲೇಟಿಗಿಂತ ಒಂದಿಷ್ಟು ಹೆಚ್ಚು ತಡೆದುಕೊಳ್ಳುತ್ತದೆ. ರುಚಿಯಲ್ಲಿ ಅಸಲಿಗೆ ಸಮನಲ್ಲ, ನಾಲಿಗೆ ಮೇಲೆ ಕೊನೆಗೆ ಮೇಣದಂಥ ಒಂದು ಪದರ ಉಳಿಯುತ್ತದೆ. ಕೋಕೋ ಬೆಣ್ಣೆ ಇರುವ ಅಸಲಿ ಚಾಕೊಲೇಟಿಗೆ ಹೆಚ್ಚು ಬೆಲೆ, ಹೆಚ್ಚು ಉಪಚಾರ. ಕೋಕೋ ನಮಗೆ ದೂರದ ಬೆಳೆಯೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನಡುವೆ ನೆರಳಿಗೆ ಬೆಳೆಯುತ್ತದೆ. ಅಲ್ಲಿನ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಘಟ್ಟದ ಕೆಳಗಿನ ಕೋಕೋಗೆ ಚಳ್ಳಕೆರೆಯ ಶೇಂಗಾ, ದಾವಣಗೆರೆಯ ಮಂಡಕ್ಕಿ ಸೇರಿಸುವುದೇ ಈ ಬರಹದ ಹೂರಣ.

ಅಳತೆಗೆ ಒಂದು ಸಣ್ಣ ತಕ್ಕಡಿ ಇಟ್ಟುಕೊಳ್ಳಿ. ಮನೆಯ ಲೋಟಗಳೆಲ್ಲ ಒಂದೇ ಗಾತ್ರ ಇರುವುದಿಲ್ಲ, ಕೋಕೋ ಅಂತೂ ತುಂಬಿದಂತೆ ತೂಕ ಬದಲಾಗುವ ಪುಡಿ. ತಕ್ಕಡಿ ಇಲ್ಲದಿದ್ದರೆ ಇಷ್ಟು ನೆನಪಿರಲಿ: ಸಮತಟ್ಟಾದ ಒಂದು ಟೇಬಲ್ ಚಮಚ, ಅಂದರೆ 15 ಮಿ.ಲೀ. ಚಮಚ, ಕೋಕೋ ಆರರಿಂದ ಏಳು ಗ್ರಾಂ, ಕಾರ್ನ್‌ಫ್ಲೋರ್ ಎಂಟು ಗ್ರಾಂ. 240 ಮಿ.ಲೀ. ಕಪ್ಪಿನಲ್ಲಿ ಸಕ್ಕರೆ 200 ಗ್ರಾಂ, ಮೈದಾ 125ರಿಂದ 130.

ಬೇಸಿಗೆಗೆ ಮೊದಲ ಆಯ್ಕೆ ಶೇಂಗಾ–ಕೋಕೋ ಬರ್ಫಿ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಚಳ್ಳಕೆರೆ ಇರುವ ಜಿಲ್ಲೆಯಲ್ಲಿ ಚಾಕೊಲೇಟಿಗೆ ಬಾದಾಮಿಯೇ ಬೇಕು, ಹೇಜಲ್‌ನಟ್ಟೇ ಬೇಕು ಎಂದು ಕೂರುವ ಅಗತ್ಯ ಕಾಣುವುದಿಲ್ಲ. ಹುರಿದ ಶೇಂಗಾದ ಕಮ್ಮನೆ ವಾಸನೆಗೂ ಕೋಕೋದ ಕಹಿಗೂ ಬಹಳ ಚೆನ್ನಾಗಿ ಹೊಂದುತ್ತದೆ. ಬೇಕಾದದ್ದು 250 ಗ್ರಾಂ ಶೇಂಗಾ, 170 ಗ್ರಾಂ ಸಕ್ಕರೆ, 100 ಮಿ.ಲೀ. ನೀರು, 20 ಗ್ರಾಂ ಕೋಕೋ, ಎರಡು ಟೀ ಚಮಚ ತುಪ್ಪ, ಒಂದು ಚಿಟಿಕೆ ಉಪ್ಪು. ಏಳು ಇಂಚಿನ ಚೌಕ ತಟ್ಟೆಗೆ ಒಂದು ಸೆಂಟಿಮೀಟರ್ ದಪ್ಪ ಬಂದು 25 ತುಂಡು ಆಗುತ್ತವೆ.

ಶೇಂಗಾ ಹುರಿಯುವುದರಲ್ಲೇ ಅರ್ಧ ರುಚಿ. ದಪ್ಪ ತಳದ ಬಾಂಡ್ಲಿಯಲ್ಲಿ ಸಣ್ಣ ಉರಿಯಲ್ಲಿ 10–12 ನಿಮಿಷ, ಕೈ ಬಿಡದೆ. ದೊಡ್ಡ ಉರಿಯಲ್ಲಿ ಸಿಪ್ಪೆ ಕರ್ರಗಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ; ಆ ಹಸಿ ವಾಸನೆಯನ್ನು ಎಷ್ಟು ಕೋಕೋ ಹಾಕಿದರೂ ಮುಚ್ಚಲಾಗದು. ಒಂದು ಕಾಳು ತೆಗೆದು ಆರಿಸಿ ಕಚ್ಚಿ ನೋಡಿ. ಕಟಂ ಎಂದು ಮುರಿದು, ಒಳಗೆ ತಿಳಿ ಹೊಂಬಣ್ಣ ಇದ್ದರೆ ಇಳಿಸಿ. ಅರ್ಧ ಗಂಟೆ ಪೂರ್ತಿ ಆರಲಿ. ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ.

ಮಿಕ್ಸಿಯಲ್ಲಿ ಪುಡಿ ಮಾಡುವಾಗ ಅವಸರ ಬೇಡ. ಶೇಂಗಾದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ಬಿಸಿ ಇದ್ದಾಗಲೇ ಹಾಕಿದರೆ, ಅಥವಾ ನಿಲ್ಲಿಸದೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮೂರು ನಾಲ್ಕು ಸೆಕೆಂಡು ತಿರುಗಿಸಿ ನಿಲ್ಲಿಸಿ, ಚಮಚದಿಂದ ತಳ ಕೆದಕಿ, ಮತ್ತೆ ತಿರುಗಿಸಿ. ಜರಡಿ ಹಿಡಿದು ಉಳಿದ ನುಚ್ಚನ್ನು ಮಾತ್ರ ಮತ್ತೊಮ್ಮೆ ತಿರುಗಿಸಿ. ಈ ಪುಡಿಗೆ ಕೋಕೋವನ್ನೂ ಜರಡಿ ಹಿಡಿದು ಒಣದಾಗಿಯೇ ಬೆರೆಸಿ. ಕೋಕೋ ನೇರವಾಗಿ ಪಾಕಕ್ಕೆ ಬಿದ್ದರೆ ಹೊರಗೆ ಒದ್ದೆ, ಒಳಗೆ ಒಣ ಪುಡಿ ಇರುವ ಸಣ್ಣ ಸಣ್ಣ ಗಂಟು ಕಟ್ಟುತ್ತದೆ; ಆಮೇಲೆ ಅವು ಒಡೆಯುವುದಿಲ್ಲ.

ಸಕ್ಕರೆ, ನೀರು ಸೇರಿಸಿ ಒಂದೆಳೆ ಪಾಕ ತೆಗೆಯಿರಿ. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಎಳೆದರೆ ಒಂದೇ ಎಳೆ ನಿಲ್ಲಬೇಕು. ಥರ್ಮಾಮೀಟರ್ ಇದ್ದವರಿಗೆ 105 ಡಿಗ್ರಿ ಸುತ್ತಮುತ್ತ. ಉರಿ ಪೂರ್ತಿ ತಗ್ಗಿಸಿ ಪುಡಿಯನ್ನು ಮೂರು ಸಲಕ್ಕೆ ಹಾಕಿ ಕಲಸಿ, ತುಪ್ಪ, ಉಪ್ಪು ಸೇರಿಸಿ. ಮೊದಲ ನಿಮಿಷ ಇದು ಗಂಜಿಯಂತೆ ತೆಳ್ಳಗೆ ಕಂಡು ಗಾಬರಿಯಾಗಬಹುದು. ಎರಡನೆಯ ನಿಮಿಷಕ್ಕೆ ಸೌಟು ಭಾರವಾಗುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಅಂಚು ಬಿಟ್ಟು ನಡುವೆ ಒಂದು ಮುದ್ದೆಯಾಗಿ ತಿರುಗತೊಡಗುತ್ತದೆ. ಒಂದು ಚೂರು ತೆಗೆದು ತುಪ್ಪದ ಬೆರಳಲ್ಲಿ ಉರುಳಿಸಿದರೆ ಅಂಟದೆ ಗುಂಡಾಗಬೇಕು. ಆ ಹದಕ್ಕೆ ಒಂದು ಕ್ಷಣ ಮೊದಲೇ, ಇನ್ನೂ ತುಸು ಸಡಿಲ ಇರುವಾಗ, ಒಲೆ ಆರಿಸಿ. ಬಾಂಡ್ಲಿಯ ಕಾವಿನಲ್ಲೇ ಉಳಿದದ್ದು ಬೇಯುತ್ತದೆ. ತುಪ್ಪ ಸವರಿದ ತಟ್ಟೆಗೆ ಸುರಿದು, ಮೇಲೆ ಬಟರ್ ಪೇಪರ್ ಇಟ್ಟು ಲಟ್ಟಣಿಗೆ ಆಡಿಸಿ, ಹತ್ತು ನಿಮಿಷಕ್ಕೆ, ಬೆಚ್ಚಗಿರುವಾಗಲೇ ಗೆರೆ ಎಳೆಯಿರಿ. ಪೂರ್ತಿ ಆರಿದ ಮೇಲೆ ಕತ್ತರಿಸಹೊರಟರೆ ಅಂಚು ಒಡೆದು ಉದುರುತ್ತದೆ.

ಕೆಡುವುದು ಎರಡು ಕಡೆ. ಪಾಕ ಮುಂದೆ ಹೋಗಿ ಎರಡೆಳೆ ದಾಟಿದರೆ ಬರ್ಫಿ ಕೈಯಲ್ಲಿ ಹಿಟ್ಟಾಗುತ್ತದೆ. ಬರೀ ಶೇಂಗಾ ಬರ್ಫಿಗೆ ಸರಿಹೋಗುವ ಪಾಕ ಕೋಕೋ ಬೆರೆತದ್ದಕ್ಕೆ ತುಸು ಬಿಗಿಯಾಗಿಯೇ ಇರುತ್ತದೆ, ಏಕೆಂದರೆ ಕೋಕೋ ನೀರನ್ನು ಚೆನ್ನಾಗಿ ಹೀರುತ್ತದೆ. ಹಾಗಾದರೆ ಎರಡು ಮೂರು ಚಮಚ ಹಾಲು ಚಿಮುಕಿಸಿ, ಮತ್ತೆ ಬಾಂಡ್ಲಿಗೆ ಹಾಕಿ, ಸಣ್ಣ ಉರಿಯಲ್ಲಿ ಕೂಡಿಸಿ ತಟ್ಟಬಹುದು. ಆದರೆ ಹಾಲು ಬಿದ್ದದ್ದನ್ನು ಎರಡು ದಿನದಲ್ಲಿ ತಿಂದು ಮುಗಿಸಬೇಕು. ಪಾಕ ಹಿಂದೆಯೇ ಉಳಿದಿದ್ದರೆ ಬರ್ಫಿ ಹಲ್ಲಿಗೆ ಅಂಟುತ್ತದೆ. ಅದನ್ನು ಮರಳಿ ಒಲೆಗೆ ಹಾಕಿ ಇನ್ನೆರಡು ನಿಮಿಷ ಕೈಯಾಡಿಸಿದರೆ ಸರಿಹೋಗುತ್ತದೆ. ಹದವಾಗಿ ಬಂದದ್ದು ಡಬ್ಬಿಯಲ್ಲಿ ವಾರ ಇರುತ್ತದೆ. ಏಪ್ರಿಲ್ಲಿನಲ್ಲಿ ಬಸ್ಸಿನಲ್ಲಿ ಹಿರಿಯೂರಿನವರೆಗೆ ಹೊತ್ತೊಯ್ದರೂ ತುಂಡು ತುಂಡಾಗಿಯೇ ಉಳಿಯುವ ಚಾಕೊಲೇಟ್ ಸಿಹಿ ಇದು.

ಇನ್ನು ಪುಡ್ಡಿಂಗ್. ಬಿಸಿಲಿನಿಂದ ಬಂದವರ ಮುಂದೆ ಇಡಲು ಇದಕ್ಕಿಂತ ಸುಲಭವಾದದ್ದು ಇಲ್ಲ. ಅರ್ಧ ಲೀಟರ್ ಗಟ್ಟಿ ಹಾಲು, 75 ಗ್ರಾಂ ಸಕ್ಕರೆ, 20 ಗ್ರಾಂ ಕೋಕೋ, 25 ಗ್ರಾಂ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಕೊನೆಗೆ ಒಂದು ಟೇಬಲ್ ಚಮಚ ಬೆಣ್ಣೆ. ನಾಲ್ಕು ಬಟ್ಟಲು ಆಗುತ್ತದೆ. ದಾವಣಗೆರೆ ಸುತ್ತ ಹೊಲದ ತುಂಬ ಮೆಕ್ಕೆಜೋಳ. ಕಾರ್ನ್‌ಫ್ಲೋರ್ ಎಂದರೆ ಆ ಕಾಳಿನ ಪಿಷ್ಟ ಮಾತ್ರ. ಹಳದಿ ಮೆಕ್ಕೆಜೋಳದ ಹಿಟ್ಟು ಬೇರೆ, ಅದನ್ನು ಹಾಕಿದರೆ ಅಂಬಲಿಯಾಗುತ್ತದೆ.

ಸಕ್ಕರೆ, ಕೋಕೋ, ಉಪ್ಪನ್ನು ಒಣದಾಗಿ ಬೆರೆಸಿ. ಸಕ್ಕರೆ ಹರಳುಗಳೇ ಕೋಕೋದ ಗಂಟನ್ನು ಒಡೆಯುತ್ತವೆ. ಅದಕ್ಕೆ ನಾಲ್ಕು ಚಮಚ ಬಿಸಿ ಹಾಲು ಹಾಕಿ ನುಣ್ಣನೆ ಗಸಿ ಮಾಡಿ ಎರಡು ನಿಮಿಷ ಬಿಡಿ. ಬಿಸಿ ತಾಗಿದ ಕೋಕೋದ ಘಮ ಏಳುವುದು ಈ ಹೊತ್ತಿನಲ್ಲೇ. ಕಾರ್ನ್‌ಫ್ಲೋರನ್ನು ಮಾತ್ರ ಅರ್ಧ ಲೋಟ ತಣ್ಣನೆ ಹಾಲಿನಲ್ಲಿ ಕದಡಬೇಕು. ಬಿಸಿ ಹಾಲು ತಾಗಿದರೆ ಹೊರಪದರ ಆಗಲೇ ಬೆಂದು ಒಳಗೆ ಹಿಟ್ಟು ಉಳಿಯುತ್ತದೆ. ಉಳಿದ ಹಾಲು ಕಾದಾಗ ಕೋಕೋ ಗಸಿ ಹಾಕಿ, ಕುದಿ ಹತ್ತುವಾಗ ಕಾರ್ನ್‌ಫ್ಲೋರ್ ಹಾಲನ್ನು ಮತ್ತೊಮ್ಮೆ ಕಲಕಿ ಸುರಿಯಿರಿ, ಅದರ ಪಿಷ್ಟ ತಳಕ್ಕೆ ಇಳಿದಿರುತ್ತದೆ. ಬಿಡದೆ ತಿರುಗಿಸಿ. ದಪ್ಪವಾಯಿತು ಎಂದು ಕೂಡಲೇ ಇಳಿಸಬೇಡಿ. ಗುಳ್ಳೆ ಎದ್ದು ಪ್ಲಕ್ ಪ್ಲಕ್ ಎಂದು ಒಡೆಯತೊಡಗಿದ ಮೇಲೂ ಪೂರ್ತಿ ಒಂದು ನಿಮಿಷ ಕುದಿಯಬೇಕು. ಅಷ್ಟು ಕುದಿಯದಿದ್ದರೆ ನಾಲಿಗೆಗೆ ಹಿಟ್ಟು ಹಿಟ್ಟಾಗಿ ಸಿಗುತ್ತದೆ, ಮರುದಿನಕ್ಕೆ ನೀರೂ ಬಿಡುತ್ತದೆ. ಚಮಚದ ಬೆನ್ನಿಗೆ ಹತ್ತಿದ್ದರ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು.

ಒಲೆಯಿಂದ ಇಳಿಸಿದ ಮೇಲೆ ಬೆಣ್ಣೆ. ನಮ್ಮ ಬೆಣ್ಣೆ ದೋಸೆಗೆ ಬೀಳುವ ಅದೇ ಬಿಳಿ ಬೆಣ್ಣೆ ಇಲ್ಲಿ ತುಂಬ ಚೆನ್ನ, ಅದರಲ್ಲಿ ಉಳಿದಿರುವ ಮಜ್ಜಿಗೆಯ ಎಳೆ ಹುಳಿ ಕೋಕೋಗೆ ಸೊಗಸಾಗಿ ಕೂಡುತ್ತದೆ. ಬಟ್ಟಲಿಗೆ ಸುರಿದು, ಕೆನೆ ಕಟ್ಟದಂತೆ ಬಟರ್ ಪೇಪರನ್ನು ಪುಡ್ಡಿಂಗಿಗೇ ತಾಗಿಸಿ ಮುಚ್ಚಿ, ಆರಿದ ಮೇಲೆ ಫ್ರಿಜ್ಜಿನಲ್ಲಿ ಮೂರು ಗಂಟೆ ಇಡಿ. ಹೆಪ್ಪಾದ ಮೇಲೆ ಕಲಕಿದರೆ ಮತ್ತೆ ಕೂಡುವುದಿಲ್ಲ. ಎರಡು ದಿನಕ್ಕಿಂತ ಹೆಚ್ಚು ಇಡುವುದೂ ಬೇಡ.

ಬೆಣ್ಣೆಯ ಮಾತು ಬಂತಲ್ಲ, ಅದನ್ನು ಎಲ್ಲಿ ಹಾಕಬಾರದು ಎನ್ನುವುದನ್ನೂ ಹೇಳಬೇಕು. ಕರಗಿಸಿದ ಚಾಕೊಲೇಟಿಗೆ ಬಿಳಿ ಬೆಣ್ಣೆ ಹಾಕಬೇಡಿ. ಚಾಕೊಲೇಟ್ ಕೈಕೊಡುವ ಜಾಗಗಳಲ್ಲಿ ಬಿಸಿಲಿನ ನಂತರದ್ದು ಇದೇ: ನೀರು. ಕರಗಿದ ಚಾಕೊಲೇಟ್ ಎಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ, ಕೋಕೋ ಕಣಗಳು. ನೀರಿನ ಪಸೆ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅರ್ಧ ಚಮಚ ನೀರು ಬಿತ್ತು ಅನ್ನಿ. ಸಕ್ಕರೆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊದಲು ಹೊಳಪು ಹೋಗುತ್ತದೆ. ಆಮೇಲೆ ಚಮಚದ ಸುತ್ತ ಮಡಿಕೆ ಮಡಿಕೆಯಾಗಿ ಸುತ್ತಿಕೊಳ್ಳುತ್ತದೆ. ನೋಡುತ್ತಿದ್ದಂತೆ, ರೇಷ್ಮೆಯಂತೆ ಹರಿಯುತ್ತಿದ್ದದ್ದು ಒರಟು ಕೆಸರಿನ ಉಂಡೆಯಾಗಿ ಬೋಗುಣಿಯ ತಳಕ್ಕೆ ಕಚ್ಚಿಕೊಂಡಿರುತ್ತದೆ. ಇಷ್ಟಕ್ಕೆಲ್ಲ ತೊಳೆದು ಒರೆಸದ ಒಂದು ಚಮಚ ಸಾಕು. ಮನೆ ಬೆಣ್ಣೆಯಲ್ಲಂತೂ ಮಜ್ಜಿಗೆ ನೀರು ಇದ್ದೇ ಇರುತ್ತದೆ. ಕೊಬ್ಬು ಸೇರಿಸಲೇಬೇಕೆಂದರೆ ಕಾಯಿಸಿದ ತುಪ್ಪ ಸರಿ. ಅದೂ ಅಳತೆಯಲ್ಲಿ, ತುಪ್ಪ ಹೆಚ್ಚಿದಷ್ಟು ಚಾಕೊಲೇಟ್ ಮೆತ್ತಗಾಗುತ್ತದೆ.

ಗಂಟಾದ ಚಾಕೊಲೇಟನ್ನು ಎಸೆಯಬೇಕಿಲ್ಲ. ವಿಚಿತ್ರವೆನಿಸಿದರೂ ಮದ್ದು ಇನ್ನಷ್ಟು ದ್ರವವೇ. 100 ಗ್ರಾಮಿಗೆ ನಾಲ್ಕು ಐದು ಟೇಬಲ್ ಚಮಚ ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕಿ ನಡುವಿನಿಂದ ಹೊರಕ್ಕೆ ತಿರುಗಿಸುತ್ತ ಬನ್ನಿ. ಸಕ್ಕರೆ ಕರಗುವಷ್ಟು ನೀರು ಸಿಕ್ಕಿದ ಕೂಡಲೇ ಉಂಡೆ ಬಿಟ್ಟುಕೊಂಡು ನುಣ್ಣನೆ ಗಸಿಯಾಗುತ್ತದೆ. ಅದು ಇನ್ನು ಬಿಲ್ಲೆಯಾಗಿ ಹೆಪ್ಪಾಗುವುದಿಲ್ಲ. ಕೇಕಿನ ಮೇಲೆ ಸುರಿಯಲು, ಬಾಳೆಹಣ್ಣಿನ ಹೋಳುಗಳ ಮೇಲೆ ಹಾಕಲು ಬಹಳ ಚೆನ್ನಾಗಿರುತ್ತದೆ.

ಕರಗಿಸುವ ಕ್ರಮ ಹೀಗೆ. ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಕುದಿ ಬರುವ ಮೊದಲು ಒಲೆ ಆರಿಸಿ. ಅದರ ಬಾಯಿಗಿಂತ ಅಗಲದ ಬೋಗುಣಿಯನ್ನು ಮೇಲೆ ಕೂರಿಸಿ, ತಳ ನೀರಿಗೆ ತಾಗಬಾರದು. ಬೋಗುಣಿ ಚಿಕ್ಕದಾದರೆ ಸಂದಿಯಿಂದ ಏಳುವ ಹಬೆಯೇ ಒಳಗೆ ನೀರಾಗುತ್ತದೆ. ಚಾಕೊಲೇಟನ್ನು ಅಡಿಕೆ ಹೋಳಿನಷ್ಟು ಸಣ್ಣದಾಗಿ ಕತ್ತರಿಸಿ ಹಾಕಿ, ಮುಕ್ಕಾಲು ಕರಗಿದಾಗ ಕೆಳಗಿಳಿಸಿ, ಉಳಿದದ್ದನ್ನು ಅದರದೇ ಕಾವಿನಲ್ಲಿ ಕರಗಿಸಿ. 45 ಡಿಗ್ರಿ ಸಾಕು, 50 ದಾಟಿಸಬಾರದು. ಬೆರಳ ಬೆನ್ನಿಗೆ ಬೆಚ್ಚಗೆ ತಾಗಬೇಕು, ಸುಡಬಾರದು. ಮರದ ಸೌಟು ನೀರು ಕುಡಿದಿರುತ್ತದೆ, ಸ್ಟೀಲ್ ಅಥವಾ ಸಿಲಿಕೋನ್ ಬಳಸಿ. ಮೈಕ್ರೋವೇವ್ ಇದ್ದರೆ ಮೊದಲು 30 ಸೆಕೆಂಡು, ಆಮೇಲೆ 15 ಸೆಕೆಂಡಿಗೊಮ್ಮೆ ತೆಗೆದು ಕಲಕಿ. ತುಂಡುಗಳು ಕರಗಿದ ಮೇಲೂ ಆಕಾರ ಹಾಗೇ ಹಿಡಿದಿರುತ್ತವೆ, ಕಲಕದೆ ಗೊತ್ತಾಗುವುದಿಲ್ಲ.

ಹೀಗೆ ಕರಗಿಸಿದ ಕಾಂಪೌಂಡಿಗೆ ನಮ್ಮ ಊರಿನದೇ ಜೋಡಿ ಮಂಡಕ್ಕಿ. ಮಿರ್ಚಿಯ ಜೊತೆ ಕೂರುವ ಮಂಡಕ್ಕಿ ಚಾಕೊಲೇಟಿನೊಳಗೂ ಅಷ್ಟೇ ಸಲೀಸಾಗಿ ಕೂರುತ್ತದೆ. 200 ಗ್ರಾಂ ಡಾರ್ಕ್ ಕಾಂಪೌಂಡಿಗೆ 40 ಗ್ರಾಂ ಮಂಡಕ್ಕಿ, 80 ಗ್ರಾಂ ಹುರಿದು ಇಬ್ಭಾಗ ಮಾಡಿದ ಶೇಂಗಾ. ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅರಳಿದ್ದಾದ್ದರಿಂದ ಮಂಡಕ್ಕಿಯನ್ನು ಮೊದಲು ಜರಡಿ ಹಿಡಿಯಿರಿ. ಒಂದು ಮರಳ ಕಣ ಹಲ್ಲಿಗೆ ಸಿಕ್ಕರೂ ಇಡೀ ತಟ್ಟೆಯ ಸಿಹಿ ಹಾಳು. ಆಮೇಲೆ ಒಣ ಬಾಂಡ್ಲಿಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ಐದು ನಿಮಿಷ ಬೆಚ್ಚಗೆ ಮಾಡಿ. ಬೆರಳಲ್ಲಿ ಒತ್ತಿದರೆ ಅಮುಕಿಕೊಳ್ಳದೆ ಚಟ್ಟನೆ ಪುಡಿಯಾಗಬೇಕು. ಮೆತ್ತಗಿನ ಮಂಡಕ್ಕಿ ಚಾಕೊಲೇಟಿನೊಳಗೆ ರಟ್ಟಿನಂತಾಗುತ್ತದೆ. ಗರಿಯಾದದ್ದು ಮಾತ್ರ ಸುತ್ತ ಕೊಬ್ಬಿನ ಪದರ ಇರುವುದರಿಂದ ವಾರಗಟ್ಟಲೆ ಗರಿಯಾಗೇ ಉಳಿಯುತ್ತದೆ. ಪೂರ್ತಿ ಆರಿದ ಮೇಲೇ ಬೆರೆಸಿ. ಉಪ್ಪು ಮಂಡಕ್ಕಿಯಲ್ಲೇ ಇರುತ್ತದೆ, ಬೇರೆ ಬೇಡ.

ಕಾಂಪೌಂಡ್ ಹೊಳೆಯಲಿ ಎಂದು ಕೊಬ್ಬರಿ ಎಣ್ಣೆ ಹಾಕುವ ಸಲಹೆ ಎಲ್ಲೆಡೆ ಸಿಗುತ್ತದೆ. ಕೊಬ್ಬರಿ ಎಣ್ಣೆ ಕರಗುವುದೇ 24 ಡಿಗ್ರಿಗೆ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಅದು ಬಾಟಲಿಯಲ್ಲಿ ನೀರಾಗೇ ಇರುತ್ತದಲ್ಲ, ಬಾರಿನೊಳಗೂ ಹಾಗೇ ಇರುತ್ತದೆ. ಬೇಡ. ಬೆರೆಸಿದ್ದನ್ನು ಬಟರ್ ಪೇಪರ್ ಹಾಸಿದ ಎಂಟು ಇಂಚಿನ ತಟ್ಟೆಗೆ ಒತ್ತಿ, 15–20 ನಿಮಿಷ ಫ್ರಿಜ್ಜಿನಲ್ಲಿಟ್ಟು, ಉಗುರು ಒತ್ತಿದರೆ ಗುರುತು ಮೂಡುವ ಹದದಲ್ಲಿ ಕತ್ತರಿಸಿ. ಕಲ್ಲಾದ ಮೇಲೆ ಕತ್ತರಿಸಿದರೆ ಚೂರು ಚೂರಾಗುತ್ತದೆ.

ಫ್ರಿಜ್ಜಿನಿಂದ ತೆಗೆದು ಹಾಗೇ ಹೊರಗಿಟ್ಟರೆ ಮೈ ಮೇಲೆ ಬೆವರು ಕೂರುತ್ತದೆ. ಆ ನೀರು ಮೇಲಿನ ಸಕ್ಕರೆಯನ್ನು ಕರಗಿಸಿ, ಒಣಗಿದಾಗ ಬಿಳಿ ಬೂದಿಯಂಥ ಒರಟು ಪದರ ಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲೇ ಫ್ರಿಜ್ಜಿನಲ್ಲಿಡಿ. ತೆಗೆದಾಗ ಡಬ್ಬಿಯ ಹೊರಮೈ ಬೆವರು ಆರುವವರೆಗೂ ಮುಚ್ಚಳ ತೆರೆಯಬೇಡಿ. ಏಪ್ರಿಲ್ಲಿನ ನಮ್ಮ ಒಣ ಗಾಳಿಯಲ್ಲಿ ಈ ತೊಂದರೆ ಕರಾವಳಿಯಷ್ಟು ಇಲ್ಲ, ಜುಲೈ ಜಿಟಿಜಿಟಿಯಲ್ಲಿ ಮಾತ್ರ ಎಚ್ಚರ ಇರಲಿ.

ಕುಕ್ಕರ್ ಕೇಕಿಗೆ ಓವನ್ನೂ ಬೇಡ, ಮೊಟ್ಟೆಯೂ ಬೇಡ. ಮೊಟ್ಟೆ ಅಡುಗೆಮನೆಗೆ ತರದ ಮನೆಗಳು ನಮ್ಮ ಕಡೆ ಬಹಳ, ಹಾಗಾಗಿ ಈ ಅಳತೆ ನೆನಪಿಟ್ಟುಕೊಳ್ಳುವಂಥದ್ದು: ಮೈದಾ 190 ಗ್ರಾಂ, ಸಕ್ಕರೆ 200, ಸಹಜ ಕೋಕೋ 20, ಅಡುಗೆ ಸೋಡಾ ಸಮತಟ್ಟಾದ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎಣ್ಣೆ 75 ಮಿ.ಲೀ., ನಿಂಬೆರಸ ಒಂದು ಟೇಬಲ್ ಚಮಚ, ನೀರು 240 ಮಿ.ಲೀ. ನೀರಿನಲ್ಲಿ ಕಾಲು ಪಾಲಿನಷ್ಟು ಕಾಫಿ ಡಿಕಾಕ್ಷನ್ ಹಾಕಿದರೆ ಕಾಫಿ ಎಂದು ಗೊತ್ತಾಗುವುದಿಲ್ಲ, ಚಾಕೊಲೇಟಿನ ರುಚಿ ಮಾತ್ರ ಗಾಢವಾಗುತ್ತದೆ. ಎಣ್ಣೆ ರಿಫೈನ್ಡ್ ಇರಲಿ. ಗಾಣದ ಶೇಂಗಾ ಎಣ್ಣೆ ಚಟ್ನಿಪುಡಿ ರೊಟ್ಟಿಗೆ ಎಷ್ಟು ಚೆನ್ನವೋ ಕೇಕಿನಲ್ಲಿ ಅಷ್ಟೇ ಮುಂದೆ ನುಗ್ಗುತ್ತದೆ.

ಉಬ್ಬಿಸುವುದು ಸೋಡಾ, ಹುಳಿ ಕೂಡಿದಾಗ ಹುಟ್ಟುವ ಅನಿಲ. ಹುಳಿ ನಿಂಬೆಯಿಂದಲೂ ಸಹಜ ಕೋಕೋದಿಂದಲೂ ಬರುತ್ತದೆ. ಕ್ಷಾರ ಬೆರೆಸಿದ ಕೋಕೋ ಹಾಕಿದರೆ ಹುಳಿ ಸಾಲದೆ ಸೋಡಾ ಮಿಕ್ಕು, ಕೇಕಿಗೆ ಸಾಬೂನಿನ ಒಗರು ಬರುತ್ತದೆ. ಕೈಯಲ್ಲಿ ಅದೇ ಇದ್ದರೆ ಸೋಡಾವನ್ನು ಅರ್ಧ ಚಮಚಕ್ಕೆ ಇಳಿಸಿ, ಒಂದು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ. ಹಿಟ್ಟು ಕಲಸಿದ ಕ್ಷಣದಿಂದ ಅನಿಲ ಹೋಗುತ್ತಲೇ ಇರುತ್ತದೆ. ಆದ್ದರಿಂದ ಪಾತ್ರೆ ಮೊದಲು ಕಾಯಬೇಕು, ಆಮೇಲೆ ಹಿಟ್ಟಿಗೆ ನೀರು ತಾಗಬೇಕು.

ಐದು ಲೀಟರ್ ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆಯಿರಿ. ತಳಕ್ಕೆ ಒಂದು ಸೆಂಟಿಮೀಟರ್ ಪುಡಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನೀರಿಲ್ಲದೆ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲ, ದಿನನಿತ್ಯದ್ದು ಬಿಟ್ಟು ಹಳೆಯ ದಪ್ಪ ತಳದ ಪಾತ್ರೆ ಇದ್ದರೆ ಅದೇ ಮೇಲು. ಏಳು ಇಂಚಿನ ಡಬ್ಬಿಗೆ ಎಣ್ಣೆ ಸವರಿ ತಳಕ್ಕೆ ಬಟರ್ ಪೇಪರ್ ಹಾಕಿಡಿ. ಡಬ್ಬಿಗೂ ಪಾತ್ರೆಯ ಗೋಡೆಗೂ ಒಂದು ಬೆರಳು ಸಂದು ಇರಬೇಕು. ಒಣ ಸಾಮಾನು ಎರಡು ಸಲ ಜರಡಿ ಹಿಡಿದು, ದ್ರವ ಸುರಿದು, ಹಿಟ್ಟು ಕಾಣದಂತಾಗುವಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿನಂತೆ ನಾದಿದಷ್ಟು ಮೈದಾದಲ್ಲಿ ಜಿಗುಟು ಹುಟ್ಟಿ ಕೇಕು ರಬ್ಬರಾಗುತ್ತದೆ. ಡಬ್ಬಿ ಇಳಿಸಿ, ಉರಿ ಪೂರ್ತಿ ಸಣ್ಣ ಮಾಡಿ 40–45 ನಿಮಿಷ ಬಿಡಿ. 30 ನಿಮಿಷಕ್ಕೆ ಮೊದಲು ಮುಚ್ಚಳ ತೆರೆದರೆ ನಡು ಕುಸಿಯುತ್ತದೆ. ಉರಿ ಹೆಚ್ಚಾದರೆ ಅಂಚು ಬೇಗ ಗಟ್ಟಿಯಾಗಿ, ಒಳಗಿನ ಹಿಟ್ಟು ನಡುವಿನಿಂದ ಗುಡ್ಡದಂತೆ ಎದ್ದು ಬಿರಿಯುತ್ತದೆ. ಕಡ್ಡಿ ಚುಚ್ಚಿದರೆ ಒಂದೆರಡು ಒದ್ದೆ ಹರಳು ಅಂಟಿರುವಾಗಲೇ ಇಳಿಸಿ. ಪೂರ್ತಿ ಒಣ ಕಡ್ಡಿ ಬರುವ ಹೊತ್ತಿಗೆ ಕೇಕು ಒಣಗಿರುತ್ತದೆ. ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ 30–35 ನಿಮಿಷ.

ಖೋವಾ ಸಿಕ್ಕ ದಿನ ಚಾಕೊಲೇಟ್ ಪೇಡ ಹತ್ತು ನಿಮಿಷದ ಕೆಲಸ. 250 ಗ್ರಾಂ ಹೊಸ ಖೋವಾವನ್ನು ಸಣ್ಣ ಉರಿಯಲ್ಲಿ ಸಡಿಲಿಸಿ, 70 ಗ್ರಾಂ ಸಕ್ಕರೆ ಹಾಕಿ, ಅದು ನೀರು ಬಿಟ್ಟು ಮತ್ತೆ ಗಟ್ಟಿಯಾಗುತ್ತ ಬರುವಾಗ 10 ಗ್ರಾಂ ಕೋಕೋ ಜರಡಿ ಹಿಡಿದು ಹಾಕಿ. ಮಾಮೂಲಿ ಪೇಡಕ್ಕಿಂತ ಒಂದು ನಿಮಿಷ ಮೊದಲೇ ಇಳಿಸಿ, ಕೋಕೋ ಉಳಿದ ಪಸೆ ಹೀರುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲೇ ಇಡಬೇಕು.

ಅಸಲಿ ಚಾಕೊಲೇಟಿನ ಕಾಲ ಡಿಸೆಂಬರ್, ಜನವರಿ. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪಾಗಬಲ್ಲದು. ಹೊಳಪು, ಮುರಿದಾಗಿನ ಟಕ್ ಸದ್ದು ಇರುವುದು ಐದನೆಯ ಬಗೆಯಲ್ಲಿ. ಸುಮ್ಮನೆ ಕರಗಿಸಿ ಆರಿಸಿದರೆ ಬೇರೆ ಬಗೆಗಳು ಬೆರೆತು, ಮಂಕಾಗಿ, ನಾಲ್ಕು ದಿನದಲ್ಲಿ ಬಿಳಿ ಗೆರೆ ಏಳುತ್ತವೆ. ಬೇಕಾದ ಹರಳನ್ನೇ ಕಟ್ಟಿಸುವುದಕ್ಕೆ ಟೆಂಪರಿಂಗ್ ಎನ್ನುತ್ತಾರೆ. ಹಾಲಿಗೆ ಹೆಪ್ಪು ಹಾಕುವ ಕೈಗಳಿಗೆ ಇದು ಹೊಸದೇನಲ್ಲ. 300 ಗ್ರಾಂ ಡಾರ್ಕ್ ಚಾಕೊಲೇಟಿನಲ್ಲಿ 200 ಗ್ರಾಂ ಮಾತ್ರ 45–48 ಡಿಗ್ರಿಗೆ ಕರಗಿಸಿ, ಕೆಳಗಿಳಿಸಿ, ಉಳಿದ 100 ಗ್ರಾಂ ತುರಿದು ಸ್ವಲ್ಪ ಸ್ವಲ್ಪವೇ ಹಾಕುತ್ತ 31–32 ಡಿಗ್ರಿಗೆ ಇಳಿಯುವವರೆಗೂ ಕಲಕುತ್ತಿರಿ. ಕರಗದ ತುರಿಯಲ್ಲಿ ಸರಿಯಾದ ಹರಳು ಇದೆ, ಉಳಿದದ್ದಕ್ಕೆ ಅದೇ ಹೆಪ್ಪು. ಹಾಲು ಬೆರೆತ ಚಾಕೊಲೇಟಿಗೆ 29–30 ಡಿಗ್ರಿ. ಇಲ್ಲಿ ಥರ್ಮಾಮೀಟರ್ ಬೇಕೇ ಬೇಕು, ಎರಡು ಡಿಗ್ರಿ ಹೆಚ್ಚಿದರೂ ಹಾಕಿದ ಹೆಪ್ಪು ಕರಗಿಹೋಗುತ್ತದೆ.

ಕೆಲಸ ಬೆಳಗಿನ ಆರಕ್ಕೆ, ಅಡುಗೆಮನೆ 20–22 ಡಿಗ್ರಿ ಇರುವಾಗ ಶುರುವಾಗಲಿ. ಅಚ್ಚುಗಳನ್ನು ಹತ್ತಿಯಿಂದ ಒರೆಸಿ, ಪಸೆ ಇಲ್ಲವೆಂದು ನೋಡಿಕೊಳ್ಳಿ. ಸುರಿಯುವ ಮೊದಲು ಚಾಕುವಿನ ತುದಿಗೆ ತೆಳ್ಳಗೆ ಸವರಿ ಐದು ನಿಮಿಷ ಬಿಡಿ. ಗೆರೆಯಿಲ್ಲದೆ, ಹೊಳಪಿನೊಡನೆ, ಮುಟ್ಟಿದರೆ ಬೆರಳಿಗೆ ಹತ್ತದಂತೆ ಒಣಗಿದರೆ ಹದ ಸಿಕ್ಕಿದೆ. ಇಲ್ಲದಿದ್ದರೆ ಇನ್ನೊಂದು ಚಮಚ ತುರಿ ಹಾಕಿ ಕಲಕಿ, ಮತ್ತೆ ಸವರಿ ನೋಡಿ. ಗಟ್ಟಿಯಾದಂತೆ ಚಾಕೊಲೇಟ್ ತುಸು ಕುಗ್ಗಿ ಅಚ್ಚಿನ ಗೋಡೆ ಬಿಡುತ್ತದೆ. ಮಗುಚಿ ಒಮ್ಮೆ ತಟ್ಟಿದರೆ ಬಿಲ್ಲೆಗಳು ಪಟಪಟನೆ ಉದುರುತ್ತವೆ. ಹತ್ತು ಗಂಟೆಯ ಬಿಸಿಲು ಕಿಟಕಿಗೆ ಬರುವುದರೊಳಗೆ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು, ಮನೆಯಲ್ಲಿ ಅತಿ ತಣ್ಣಗಿರುವ ನಡುಕೋಣೆಯ ಗೂಡಿನಲ್ಲಿಡಿ.